ಮಲ್ಲಿಗೆ ಕಟ್ಟಿ ಆದ ಮೇಲೆ ಶಿಬಿರ

ಏಪ್ರಿಲ್ ಬಂತೆಂದರೆ ನಮ್ಮ ಶಂಕರಪುರದ ಕಡೆ ಎರಡು ಗೌಜಿ. ಒಂದು ಮಲ್ಲಿಗೆಯದ್ದು, ಅದು ನಿಮಗೆ ಗೊತ್ತೇ ಉಂಟು. ಇನ್ನೊಂದು ಮಕ್ಕಳ ಶಿಬಿರದ್ದು. ಇಗರ್ಜಿಯವರು ಬೇಸಿಗೆ ಶಿಬಿರ ಅನ್ನುತ್ತಾರೆ, ಸಿ.ಎಸ್.ಐ. ಸಭೆಯವರು ವಿ.ಬಿ.ಎಸ್., ಅಂದರೆ ರಜೆಯ ಬೈಬಲ್ ಶಾಲೆ, ಅನ್ನುತ್ತಾರೆ, ದೂರದಿಂದ ಸೇವೆಗೆಂದು ಬರುವ ಮಿಷನ್ ತಂಡದವರು ಕ್ಯಾಂಪ್ ಅನ್ನುತ್ತಾರೆ. ಹೆಸರು ಏನೇ ಇರಲಿ, ಅದಕ್ಕೆ ಮುಂಚಿನ ಓಡಾಟ ಮಾತ್ರ ಎಲ್ಲ ಕಡೆ ಒಂದೇ, ಅಲ್ವಾ?

ಪಕ್ಕದ ಮನೆ ಬಾಯಮ್ಮನ ಜಗಲಿಯಲ್ಲಿ ಈಗ ಕಾಲಿಡಲು ಜಾಗ ಇಲ್ಲ. ಚಾರ್ಟ್ ಪೇಪರ್, ಬಣ್ಣದ ಪೆನ್ಸಿಲ್, ನೋಹನ ನಾವೆಗೆ ರಟ್ಟಿನ ಆನೆ, ರಟ್ಟಿನ ಒಂಟೆ. ಆನೆಯ ಸೊಂಡಿಲು ರಾತ್ರಿ ನೆಟ್ಟಗೆ ಇರುತ್ತದೆ, ಬೆಳಿಗ್ಗೆ ನೋಡಿದರೆ ಸುರುಟಿಕೊಂಡಿರುತ್ತದೆ. ಕರಾವಳಿಯ ಹಸಿ ಗಾಳಿಗೆ ಕಾಗದ ಎಲ್ಲಿ ನಿಲ್ಲುತ್ತದೆ ಮಾರಾಯ್ರೆ? ಕ್ರೇಪ್ ಕಾಗದದ ಕೆಂಪಂತೂ ಬೆವರಿದ ಕೈಗೆಲ್ಲ ಹತ್ತಿ, ಮಕ್ಕಳು ಮನೆಗೆ ಹೋಗುವಾಗ ಮದುವೆಗೆ ಮದರಂಗಿ ಹಚ್ಚಿಕೊಂಡವರ ಹಾಗೆ ಕಾಣುತ್ತಾರೆ. ಹಾಗಾಗಿ ಪೆಟ್ಟಿಗೆ ತುಂಬ ಸಾಮಾನು ಹೊತ್ತು ತರುವವರಿಗೆ ಬಾಯಮ್ಮ ಹೇಳುವುದು ಒಂದೇ: ಕಾಗದ ಕಡಿಮೆ ತನ್ನಿ, ಬಟ್ಟೆ ತನ್ನಿ. ನನಗೂ ಅದೇ ಸರಿ ಕಾಣುತ್ತದೆ.

ಅಂಟು, ಕಾಗದ ಎಲ್ಲ ಬಿಟ್ಟು ಇಲ್ಲಿಯ ಮಕ್ಕಳ ಕೈಗೆ ಬಾಳೆನಾರು ಕೊಟ್ಟು ನೋಡಬೇಕು! ಎಂಟು ಹತ್ತು ವರ್ಷದ ಹುಡುಗಿ ಮೊಗ್ಗು ಎತ್ತಿ ನಾರಿನಲ್ಲಿ ಸುತ್ತುವ ವೇಗಕ್ಕೆ ನಮ್ಮ ಕಣ್ಣು ಓಡುವುದಿಲ್ಲ. ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಈ ಲೆಕ್ಕ ಮಗ್ಗಿ ಬಾರದ ಮಕ್ಕಳಿಗೂ ಬಾಯಿಪಾಠ. ಕರಕುಶಲದ ಹೊತ್ತಿನಲ್ಲಿ ಹೊರಗಿನಿಂದ ಬಂದ ಅಕ್ಕ ಅಣ್ಣಂದಿರನ್ನು ಕೂರಿಸಿ ಮಕ್ಕಳೇ ಹೂ ಕಟ್ಟಲು ಕಲಿಸಲಿ. ಕಲಿಸುವ ಸಂತೋಷ ಮಕ್ಕಳಿಗೂ ಸಿಗಬೇಕು, ಅಲ್ವಾ?

ಮುಖ್ಯವಾದ ತಕರಾರು ಇರುವುದು ಹೊತ್ತಿನದ್ದು. ಶಿಬಿರ ಅಂದರೆ ಬೆಳಿಗ್ಗೆ ಒಂಬತ್ತಕ್ಕೆ ಪ್ರಾರ್ಥನೆ ಎಂದು ಎಲ್ಲರೂ ಬರೆದುಬಿಡುತ್ತಾರೆ. ಆ ಹೊತ್ತಿಗೆ ಇಲ್ಲಿ ಮನೆಮಂದಿಯೆಲ್ಲ ಮಲ್ಲಿಗೆಯ ಮುಂದೆ. ಬೆಳಕು ಹರಿಯುವಾಗ ಗಿಡದ ಬುಡದಲ್ಲಿ ಇರಬೇಕು, ಮೊಗ್ಗು ಬಿರಿಯುವ ಮೊದಲು ಕೊಯ್ಯಬೇಕು, ಕಟ್ಟಬೇಕು, ಹೊತ್ತಿಗೆ ಸರಿಯಾಗಿ ಹೂ ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ಉಡುಪಿ ಮಲ್ಲಿಗೆಯ ದಿನದ ದರ ಗೊತ್ತಾಗುವುದೇ ಶಂಕರಪುರದಲ್ಲಿ. ಇಲ್ಲಿಂದ ಹೋದ ಹೂವಿಗೆ ಮುಂಬಯಿಯಲ್ಲೂ ಮುಡಿಯುವವರು ಕಾದಿರುತ್ತಾರೆ. ತಾಯಿಯ ಪಕ್ಕ ಕೂತು ನಾರು ಸೀಳಿ ಕೊಡುವ ಮಗುವನ್ನು ಆಗ ಎಬ್ಬಿಸಿ ಕರೆದರೆ ಅದು ಬರುವುದಾದರೂ ಹೇಗೆ? ಮಕ್ಕಳಿಗೆ ಆಸಕ್ತಿ ಇಲ್ಲ ಎಂದು ಬಂದವರು ಬೇಜಾರು ಮಾಡಿಕೊಳ್ಳುತ್ತಾರೆ. ಆಸಕ್ತಿ ಬೇಕಾದಷ್ಟು ಉಂಟು, ಕರೆದ ಹೊತ್ತು ಸರಿ ಇಲ್ಲ ಅಷ್ಟೇ.

ಊರಿನ ರೀತಿ ತಿಳಿದು ನಡೆಯುವ ತಾಳ್ಮೆ ಹಳಬರಿಗೆ ಇತ್ತು ಅನ್ನಿಸುತ್ತದೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅಚ್ಚುಕೂಟ ಆದದ್ದು 1841ರಲ್ಲಿ, ತುಳುವಿನ ಹೊಸ ಒಡಂಬಡಿಕೆ ಹೊರಬಂದದ್ದು 1847ರಲ್ಲಿ. ಬಂದ ಮೇಲೆ ಅಷ್ಟು ವರ್ಷ ಊರಿನವರ ಬಾಯಿಂದ ಭಾಷೆ ಕಲಿತರು. ನಿಘಂಟಿನ ಕಿಟೆಲ್ ಸಾಹೇಬರು ನಮಗೆಲ್ಲ ಗೊತ್ತು. ಅವರು 1862ರಲ್ಲಿ ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿನಲ್ಲೇ ಕಟ್ಟಿ ‘ಕಥಾಮಾಲೆ’ ಎಂದು ತಂದದ್ದು ಎಷ್ಟು ಮಂದಿಗೆ ನೆನಪುಂಟು? ಈಗಿನ ಶಿಬಿರದಲ್ಲಿ ಕುಣಿದು ಹಾಡಿಸುವ ಹಾಡುಗಳನ್ನು ಕೇಳುವಾಗ ನನಗೆ ಆ ಪುಸ್ತಕವೇ ನೆನಪಾಗುವುದು. ಶಿಬಿರಕ್ಕೆ ಬರುವ ಮಗು ಮನೆಯಲ್ಲಿ ಕೊಂಕಣಿ, ಅಂಗಳದಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುತ್ತದೆ. ಅದಕ್ಕೆ ಪೂರ್ತಿ ಇಂಗ್ಲಿಷಿನ ಹಾಡು ಕೊಟ್ಟರೆ ಕೈ ಕುಣಿಯುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ಊರಿನ ಇಬ್ಬರು ಟೀಚರಮ್ಮಂದಿರನ್ನು ಮೊದಲಿನಿಂದಲೇ ಸೇರಿಸಿಕೊಂಡರೆ ಆ ಕಷ್ಟ ಅರ್ಧ ತೀರಿತು.

ತಿಂಡಿಯ ವಿಷಯ ಹೆಚ್ಚು ಹೇಳುವುದು ಬೇಡ. ಅವಲಕ್ಕಿ, ಬಾಳೆಹಣ್ಣು, ಪುನರ್ಪುಳಿ ಶರಬತ್ತು ಇದ್ದರೆ ಮಕ್ಕಳು ಬೇರೇನೂ ಕೇಳುವುದಿಲ್ಲ.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇಲ್ಲಿ ಶಿಬಿರ ಅಂದರೆ ಕ್ರೈಸ್ತರ ಮಕ್ಕಳು ಮಾತ್ರ ಬರುವುದಲ್ಲ, ಆಚೆ ಈಚೆ ಮನೆಯ ಎಲ್ಲ ಮಕ್ಕಳೂ ಆಟದ ಸದ್ದು ಕೇಳಿ ಬಂದು ನಿಲ್ಲುತ್ತಾರೆ. ಅವರನ್ನು ಒಳಗೆ ಕೂರಿಸುವ ಮೊದಲು ಅಪ್ಪ ಅಮ್ಮನಿಗೆ ತಿಳಿಸಿ, ಬೈಬಲ್ ಕಥೆ ಇರುತ್ತದೆ ಎಂದು ನೇರವಾಗಿ ಹೇಳಿ, ಒಪ್ಪಿಗೆ ಕೇಳಬೇಕು. ಪರದೇಶದಿಂದ ಬರುವವರಿಗೂ ಪ್ರವಾಸಿ ವೀಸಾದಲ್ಲಿ ಧರ್ಮಬೋಧನೆ ಮಾಡುವ ಹಾಗಿಲ್ಲ. ಅದನ್ನು ವಿಮಾನ ಹತ್ತುವ ಮೊದಲೇ ಸರಿ ಮಾಡಿಕೊಂಡಿರಬೇಕು. ನಂಬಿಕೆಯಿಂದ ಬಾಳುವ ಊರಿನಲ್ಲಿ ಮುಚ್ಚುಮರೆ ಚಂದ ಅಲ್ಲ.

ಈ ಸಲ ನಿಮ್ಮ ಕಡೆಯೂ ಶಿಬಿರ ಇದ್ದರೆ, ಹೊತ್ತು ಬರೆಯುವ ಮೊದಲು ಹೂ ಕಟ್ಟುವ ಮನೆಗೆ ಹೋಗಿ ಒಂದು ಮಾತು ಕೇಳಿ. ಬೆಳಿಗ್ಗೆ ಬೇಡ, ಮಧ್ಯಾಹ್ನ ಮೂರರ ಮೇಲೆ ಇಡಿ. ಮಕ್ಕಳು ಖಂಡಿತ ಬರುತ್ತಾರೆ.