ನೌಕಾ-ಶಿಶುಪಾಲ-ಬಕ್ಷೀಸು-ವಿಚಾರ

ಗ್ರಂಥಾರಂಭದಲ್ಲಿ ಅನುಬಂಧ ಚತುಷ್ಟಯ ಹೇಳಬೇಕೆಂಬುದು ಸಂಪ್ರದಾಯ. ವಿಷಯ: ಫ್ಲಾರಿಡಾದ ಪೋರ್ಟ್ ಕೆನವೆರಲ್ ಬಂದರಿನಿಂದ ಹೊರಟು, ಏಳು ರಾತ್ರಿ ಕೆರಿಬಿಯನ್ ಕಡಲಲ್ಲಿ ತೇಲಿ, ಮತ್ತೆ ಅಲ್ಲಿಗೇ ಬಂದು ನಿಲ್ಲುವ ಹಡಗಿನಲ್ಲಿ, ಮೂರು ವರ್ಷ ತುಂಬಿದ, ಚಡ್ಡಿ ಒದ್ದೆ ಮಾಡಿಕೊಳ್ಳದ ಮಕ್ಕಳನ್ನು ದಿನವಿಡೀ ಆಡಿಸುವವರ ಕೈಗೆ, ಇಳಿಯುವ ಮುನ್ನ ಏನಾದರೂ ಇಡಬೇಕೋ ಬೇಡವೋ ಎಂಬುದು. ಅಧಿಕಾರಿ: ಮೈಸೂರಿನ ಹೈಸ್ಕೂಲೊಂದರಲ್ಲಿ ಮೂವತ್ತೆರಡು ವರ್ಷ ವ್ಯಾಕರಣ ಪಾಠ ಮಾಡಿ ನಿವೃತ್ತನಾದ ನಾನು. ಸಂಬಂಧ: ಐದು ವರ್ಷದ ಒಬ್ಬ ಮೊಮ್ಮಗ. ಪ್ರಯೋಜನ: ಎರಡನೆಯ ದಿನ ಮಗ ಕೇಳಿದ, "ಅಪ್ಪಾ, ಕಿಡ್ಸ್ ಕ್ಲಬ್‌ನವರಿಗೂ ಟಿಪ್ ಕೊಡ್ಬೇಕಾ?" ನಿವೃತ್ತಿಯಾದ ಮೇಲೆ ಮನೆಯಲ್ಲಿ ಯಾರೂ ನನ್ನನ್ನು ಒಂದು ಪ್ರಶ್ನೆ ಕೇಳಿರಲಿಲ್ಲ.

ಮೊದಲು ಪರಿಭಾಷೆ. 'ಕಿಡ್ಸ್ ಕ್ಲಬ್ ಸಿಬ್ಬಂದಿ' ಎಂಬುದು ಮೂರು ತುಂಡಿನ ಒರಟು ಪದ. ಶಿಶುಗಳನ್ನು ಪಾಲಿಸುವವನು ಶಿಶುಪಾಲ. ಸಮಾಸ ಸಿದ್ಧವಾಗಿಯೇ ಇದೆ. ಮಹಾಭಾರತದ ಶಿಶುಪಾಲ ನೂರು ತಪ್ಪು ಮಾಡಿದ, ಕೃಷ್ಣ ಎಣಿಸುತ್ತ ಕ್ಷಮಿಸಿದ. ಹಡಗಿನಲ್ಲಿ ಇದು ತಲೆಕೆಳಗು. ಮಕ್ಕಳು ನೂರು ತಪ್ಪು ಮಾಡುತ್ತವೆ, ಶಿಶುಪಾಲರು ಕ್ಷಮಿಸುತ್ತಾರೆ, ಮತ್ತು ಸಮುದ್ರದಲ್ಲೇ ಕಳೆಯುವ ದಿನಗಳಲ್ಲಿ ಎಣಿಕೆ ಬಿಟ್ಟುಬಿಡುತ್ತಾರೆ.

ಇನ್ನು 'ಟಿಪ್'. ಇದು ಮೂರು ಇಂಗ್ಲಿಷ್ ಪದಗಳ ಮೊದಲಕ್ಷರ ಕೂಡಿ ಆದದ್ದೆಂದು ಊಟದ ಮೇಜಿನಲ್ಲಿ ಒಬ್ಬರು ಅಪ್ಪಣೆ ಕೊಡಿಸಿದರು. ನಿಘಂಟುಕಾರರು ಅದನ್ನು ಒಪ್ಪುವುದಿಲ್ಲ. ನಮ್ಮ 'ಟಿಪ್ಪಣಿ'ಯ ಬಾಲ ಉದುರಿ ಆಗಿರಬಹುದೆಂದು ನಾನು ಸೂಚಿಸಿದೆ. ಅದನ್ನು ನಾನೂ ಒಪ್ಪುವುದಿಲ್ಲ. 'ಬಕ್ಷೀಸು' ಮಾತ್ರ ಗಟ್ಟಿ ಪದ, ಪಾರ್ಸಿಯಿಂದ ಬಂದದ್ದು. ಅಲ್ಲಿ ಅದರ ಮೂಲ ಧಾತುವಿಗೆ ಕೊಡು ಎಂಬ ಅರ್ಥವೂ ಉಂಟು, ಕ್ಷಮಿಸು ಎಂಬ ಅರ್ಥವೂ ಉಂಟು. ಒಂದೇ ಧಾತು ಎರಡು ಕೆಲಸ ಮಾಡುವುದು ಸುಮ್ಮನೆ ಅಲ್ಲ. ಮಗುವನ್ನು ಬಿಟ್ಟುಹೋಗಿ ಈಜುಕೊಳದ ಪಕ್ಕ ಕಾಲು ಚಾಚಿದ ತಂದೆತಾಯಿ ಕೊನೆಯ ದಿನ ಕೊಡುವುದು ಬಹುಮಾನವಲ್ಲ, ಕ್ಷಮಾಪಣೆ ಎಂದು ನನ್ನ ಊಹೆ. ಸೊಸೆಗೆ ಇದು ಹಿಡಿಸಲಿಲ್ಲ.

ಕಾಲಭೇದದಿಂದ ದ್ರವ್ಯಕ್ಕೆ ಹೆಸರು ಬದಲಾಗುತ್ತದೆಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೆಲಸ ಆಗುವ ಮುಂಚೆ ಕೊಟ್ಟರೆ ಲಂಚ, ಆದ ಮೇಲೆ ಕೊಟ್ಟರೆ ಬಕ್ಷೀಸು, ಪ್ರತಿ ಸಲವೂ ಕೊಟ್ಟರೆ ಮಾಮೂಲು. ನೋಟು ಮೂರರಲ್ಲೂ ಅದೇ. ಈ ಸೂತ್ರ ಮುಂದೆ ನನ್ನ ಮೇಲೆಯೇ ಬೀಳಲಿದೆ ಎಂದು ಆಗ ಗೊತ್ತಿರಲಿಲ್ಲ.

ಪೂರ್ವಪಕ್ಷ ನನ್ನ ಮಗನದು. ಅಮೆರಿಕದಿಂದ ಹೊರಡುವ ದೊಡ್ಡ ಹಡಗುಗಳಲ್ಲಿ ತಲೆಗೆ ದಿನಕ್ಕೆ 16ರಿಂದ 20 ಡಾಲರಿನ ಆಸುಪಾಸು ಟಿಪ್ ಲೆಕ್ಕಕ್ಕೆ ತಾನಾಗಿ ಸೇರುತ್ತದೆ. ಕಡಿಮೆಯದನ್ನೇ ಹಿಡಿದರೂ ಐದು ತಲೆ, ಏಳು ದಿನ: 560 ಡಾಲರ್. ಇದರಲ್ಲಿ 112 ನಮ್ಮ ಮೊಮ್ಮಗನ ಪಾಲು. ಅವನು ಊಟದ ಹಾಲಿನಲ್ಲಿ ದಿನವೂ ತಿಂದದ್ದು ಬೆಣ್ಣೆ ಸವರಿದ ಬೋಳು ಪಾಸ್ತಾ. "ಇಷ್ಟೆಲ್ಲಾ ಕೊಟ್ಟಾಯ್ತಲ್ಲಪ್ಪಾ, ಮತ್ತೆ ಯಾಕೆ?"

ಆದರೆ ಕೊಟ್ಟದ್ದು ಯಾರಿಗೆ? ಡಿಸ್ನಿಯ ಹಡಗುಗಳ ಪಟ್ಟಿಯಲ್ಲಿ ನಾಲ್ವರಿದ್ದಾರೆ: ಕೋಣೆ ಓರಣ ಮಾಡುವವರು, ಬಡಿಸುವವರು, ಬಡಿಸುವವರ ಸಹಾಯಕರು, ಬಡಿಸುವವರ ಮುಖ್ಯಸ್ಥರು. ಶಿಶುಪಾಲರಿಲ್ಲ. ರಾಯಲ್ ಕೆರಿಬಿಯನ್‌ನವರು ಊಟ, ಬಾರು, ಅಡುಗೆ, ಕೋಣೆಗಳ ಸಿಬ್ಬಂದಿಯನ್ನು ಹೇಳಿ, ಕೊನೆಗೆ ತೆರೆಮರೆಯಲ್ಲಿ ದುಡಿಯುವ ಇತರ ಹೋಟೆಲ್ ಸೇವೆಯವರು ಎನ್ನುತ್ತಾರೆ. ಈ 'ಇತರ'ದ ಮೇಲೆ ನಾನು ಒಂದು ಇಡೀ ಮಧ್ಯಾಹ್ನ ಕಳೆದೆ. ಮೈಗೆಲ್ಲ ಬಣ್ಣ ಬಳಿದುಕೊಂಡ ಹದಿನಾಲ್ಕು ಮಕ್ಕಳ ನಡುವೆ ನಿಂತವರನ್ನು ಯಾವ ತೆರೆ ಮರೆಮಾಡೀತು? ಆದ್ದರಿಂದ ಇತರದಲ್ಲೂ ಅವರಿಲ್ಲ. ರಾಜಸೂಯದಲ್ಲಿ ಅಗ್ರಪೂಜೆ ಬೇರೆಯವರಿಗೆ ಸಂದಿತೆಂದು ಆ ಶಿಶುಪಾಲ ಸಭೆಯಲ್ಲಿ ಎದ್ದು ಕೂಗಾಡಿದ. ಈ ಶಿಶುಪಾಲರು ಮುಖಕ್ಕೆ ಹುಲಿಮೀಸೆ ಬರೆಸಿಕೊಂಡು ಸುಮ್ಮನೆ ನಗುತ್ತಾರೆ.

"ಅವರಿಗೆ ಸಂಬಳ ಇದೆ" ಎಂದ ಮಗ. ನಿಜ. ಬಡಿಸುವವರ ಹಾಗೆ ಇವರು ಟಿಪ್ಪನ್ನೇ ನಂಬಿದವರಲ್ಲ, ಸಾಮಾನ್ಯವಾಗಿ ಸಂಬಳದವರು. ಸರಿ, ಸಂಬಳ ಎಷ್ಟು ಹೊತ್ತಿನ ದುಡಿಮೆಗೆ? 2006ರ ಕಡಲ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದದ ಲೆಕ್ಕದಲ್ಲಿ ಹಡಗಿನ ಕೆಲಸಗಾರರಿಗೆ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ ಇರಬೇಕು. ವಾರದ 168ರಲ್ಲಿ 77 ಕಳೆಯಿರಿ, 91 ಉಳಿಯಿತು. ಮೊಮ್ಮಗನನ್ನು ನಾನೊಬ್ಬನೇ ನೋಡಿಕೊಂಡ ದಾಖಲೆ ಎರಡು ಗಂಟೆ ಹತ್ತು ನಿಮಿಷ. ಅದರಲ್ಲಿ ನಲವತ್ತು ನಿಮಿಷ ಅವನು ನಿದ್ದೆ ಮಾಡುತ್ತಿದ್ದ.

ಈಗ ವ್ಯಾಕರಣ. ಇದಕ್ಕೇ ನಾನು ಕಾಯುತ್ತಿದ್ದದ್ದು. ಪಾಣಿನೀಯರಲ್ಲಿ ಪ್ರಸಿದ್ಧವಾದ ಒಂದು ಉದಾಹರಣೆ ಇದೆ. ಮಡಿವಾಳನಿಗೆ ಬಟ್ಟೆ ಕೊಡುವಾಗ ಸಂಸ್ಕೃತದಲ್ಲಿ ಚತುರ್ಥಿ ಸಲ್ಲದು, ಷಷ್ಠಿ ಬರಬೇಕು. ಬಟ್ಟೆ ವಾಪಸು ಬರುವಂಥದ್ದು, ನಮ್ಮ ಹಕ್ಕು ಹೋಗಿಲ್ಲ, ಹಾಗಾಗಿ ಅದು ದಾನವಲ್ಲ, ತೆಗೆದುಕೊಂಡವನು ಸಂಪ್ರದಾನವಲ್ಲ. ಮಗುವನ್ನು ಕ್ಲಬ್ಬಿಗೆ ಕೊಡುವುದೂ ಇದೇ ಬಗೆ. ವ್ಯತ್ಯಾಸ ಒಂದೇ: ಮಡಿವಾಳನಿಂದ ವಸ್ತು ಶುಭ್ರವಾಗಿ ಬರುತ್ತದೆ, ಕ್ಲಬ್ಬಿನಿಂದ ಮಿನುಗುಪುಡಿ ಮೆತ್ತಿಕೊಂಡು ಬರುತ್ತದೆ. ಟಿಪ್ಪಾದರೋ ವಾಪಸು ಬಾರದ್ದು, ಶುದ್ಧ ಚತುರ್ಥಿ. ಆದಕಾರಣ ಷಷ್ಠಿಯ ಸಂಬಂಧವಿರುವವರಿಗೆ ಚತುರ್ಥಿಯಲ್ಲಿ ಕೊಡಬಹುದೇ? ಕನ್ನಡದಲ್ಲಿ ಎರಡು ಕಡೆಯೂ 'ಗೆ' ಪ್ರತ್ಯಯವೇ ಬಂದು ನಮ್ಮವರನ್ನು ಗೊಂದಲಕ್ಕೆ ಕೆಡವಿದೆ. 13ನೇ ಶತಮಾನದ ಕೇಶಿರಾಜ ಕೈಹಿಡಿಯಬಹುದಿತ್ತು, ಆದರೆ ಅವನ ಕಾಲಕ್ಕೆ ಕಿಡ್ಸ್ ಕ್ಲಬ್ ಇರಲಿಲ್ಲ.

ಐದನೆಯ ರಾತ್ರಿ ಇದನ್ನು ನಮ್ಮಾಕೆಗೆ ವಿವರಿಸಿದೆ. ಆಕೆ ಸೂಟ್‌ಕೇಸಿಗೆ ಬಟ್ಟೆ ಮಡಿಸಿಡುತ್ತಿದ್ದಳು.

"ಬಾಲವಾಡಿ ಟೀಚರಿಗೆ ಯಾರಾದ್ರೂ ಟಿಪ್ ಕೊಡ್ತಾರೇನ್ರೀ?"

"ಅದೇ ನನ್ನ ವಾದವೂ..."

"ಕಣ ಕೊಡ್ತಾರೆ. ನಾನು ಮೂರನೇ ದಿನಾನೇ ಕೊಟ್ಟೆ. ಗುಳೇದಗುಡ್ಡದ್ದು. ಕುಂಕುಮ ಇಟ್ಟೆ, ಆ ಹುಡುಗಿ ಕಾಲಿಗೆ ಬಿದ್ದಳು. ಯಾರು ಹೇಳಿಕೊಟ್ಟರೋ!"

ನನ್ನ ಪಾರಿಭಾಷಿಕ ಪಟ್ಟಿಯಲ್ಲಿ ಕಣಕ್ಕೆ ಸ್ಥಾನವಿರಲಿಲ್ಲ. ಆದರೂ ಸಿದ್ಧಾಂತ ಬಿಡದೆ, ಕೊನೆಯ ರಾತ್ರಿ ಮದುವೆಮನೆಗೆಂದು ಊರಿಂದ ತಂದಿದ್ದ ಮುಯ್ಯಿ ಕವರಿನಲ್ಲಿ ಇಪ್ಪತ್ತು ಡಾಲರಿಟ್ಟೆ. ಸೊನ್ನೆಯಲ್ಲಿ ಮುಗಿಯುವ ಮೊತ್ತ ಅಶುಭ. ಕವರಿನ ಮೇಲೆ ಒಂದು ರೂಪಾಯಿ ನಾಣ್ಯ ಮೊದಲೇ ಅಂಟಿಕೊಂಡಿತ್ತು. ಹೀಗೆ ಕರೆನ್ಸಿ ಬೇರೆಯಾದರೂ ಇಪ್ಪತ್ತೊಂದಾಯಿತು.

ಕ್ಲಬ್ಬಿನ ಬಾಗಿಲಲ್ಲಿ ಫಿಲಿಪೀನ್ಸಿನ ಆ ಹುಡುಗಿ ನಿಂತಿದ್ದಳು. ಅಂದು ಕಡಲ್ಗಳ್ಳರ ರಾತ್ರಿ. ಒಂದು ಕಣ್ಣಿಗೆ ಕಪ್ಪು ಪಟ್ಟಿ, ತಲೆಗೆ ಬಿಗಿದ ವಸ್ತ್ರ. ವಸ್ತ್ರದ ಅಂಚು ಎಲ್ಲೋ ನೋಡಿದ್ದೆನಲ್ಲ ಎನಿಸಿತು. ನಮ್ಮಾಕೆಯ ಗುಳೇದಗುಡ್ಡದ ಕಣ. ನಾನು ಕವರು ಚಾಚಿ ಮೊಮ್ಮಗನನ್ನು ಕಳಿಸಿಕೊಡಿ ಎಂದೆ.

"ಪಾಸ್‌ವರ್ಡ್?" ಎಂದಳು.

ಮಗುವನ್ನು ಕರೆದೊಯ್ಯಲು ಗುಟ್ಟಿನ ಮಾತೊಂದಿದೆ ಎಂದು ಸೊಸೆ ಮೊದಲ ದಿನವೇ ಹೇಳಿದ್ದಳು. ಷಷ್ಠಿ, ಚತುರ್ಥಿಗಳ ನಡುವೆ ಅದು ಎಲ್ಲೋ ಜಾರಿತ್ತು. ನಾನು ತೊದಲಿದೆ. ಕವರನ್ನು ಇನ್ನಷ್ಟು ಮುಂದೆ ಚಾಚಿದೆ. ಆಕೆಯ ಒಂದೇ ಕಣ್ಣು ಕವರನ್ನು ನೋಡಿತು, ನನ್ನನ್ನು ನೋಡಿತು. ಕೆಲಸಕ್ಕೆ ಮುಂಚೆ ಕೊಟ್ಟದ್ದು ಏನೆಂದು ನಾನೇ ಸೂತ್ರ ಬರೆದಿದ್ದೆ. ನಗುತ್ತಲೇ ಕವರನ್ನು ಹಿಂದಕ್ಕೆ ತಳ್ಳಿ, ನಮ್ಮ ಕೋಣೆಗೆ ಫೋನು ಮಾಡಿದಳು. ಒಳಗಿಂದ ಮೊಮ್ಮಗ "ತಾತ!" ಎಂದು ಕೈಬೀಸಿದ. ಅದು ಸಾಕ್ಷ್ಯವಾಗಿ ಸ್ವೀಕಾರವಾಗಲಿಲ್ಲ.

ಹತ್ತು ನಿಮಿಷಕ್ಕೆ ನಮ್ಮಾಕೆ ಬಂದಳು. "ಕೋಡುಬಳೆ" ಎಂದಳು. ಬಾಗಿಲು ತೆರೆಯಿತು, ಮಗು ಹೊರಗೆ ಬಂತು. ಆಮೇಲೆ ಆಕೆ ನನ್ನ ಕೈಯಿಂದ ಕವರು ತೆಗೆದು ಹುಡುಗಿಯ ಕೈಯಲ್ಲಿಟ್ಟು, ತಲೆಯ ಮೇಲಿನ ಕಣದ ಗಂಟನ್ನು ಒಂದಿಷ್ಟು ಸರಿಮಾಡಿ, ಲಿಫ್ಟಿನ ಕಡೆ ನಡೆಯುತ್ತ ಕೇಳಿದಳು:

"ಎಷ್ಟಿಟ್ಟಿದ್ರಿ?"

"ಇಪ್ಪತ್ತೊಂದು."

"ನಾಣ್ಯಾನೂ ಲೆಕ್ಕಕ್ಕೆ ಹಿಡಿದ್ರಾ?"