ಟಿಕ್ಕು ಹೋಯ್ತೇನ್ರಿ?

ಹಳೆಯ ರಿಕಾರ್ಡು ಕೂಡಿಡುವವರು ಊಟಕ್ಕೆ ಕರೆದರೆ ಧೈರ್ಯವಾಗಿ ಹೋಗಬಹುದು. ಚಹಾಕ್ಕೆ ಕರೆದರೆ ಮಾತ್ರ ಏನಾದರೊಂದು ನೆವ ಹೇಳಿ ತಪ್ಪಿಸಿಕೊಳ್ಳಬೇಕು. ಊಟದಲ್ಲಾದರೆ ಬಾಯಲ್ಲಿ ರೊಟ್ಟಿ ಇರುತ್ತದೆ, ಅಭಿಪ್ರಾಯ ಹೇಳಬೇಕಾಗಿಲ್ಲ. ಬೀದರಿನ ಚಹಾ ಎರಡು ಗುಟುಕಿಗೆ ಮುಗಿದುಹೋಗುತ್ತದೆ. ಆಮೇಲೆ ಕೋಣೆಯಲ್ಲಿ ಉಳಿಯುವವರು ನಾವು, ಅವರು ಮತ್ತು ಎರಡು ಸ್ಪೀಕರುಗಳು.

ನನ್ನ ಪಾಲಿಗೆ ಬಂದವರನ್ನು ಓಣಿಯ ಹುಡುಗರು ರಿಕಾರ್ಡ್ ಕಾಕಾ ಅನ್ನುತ್ತಾರೆ. ಹುಟ್ಟಿದ್ದು ಭಾಲ್ಕಿಯಲ್ಲಿ, ನೌಕರಿ ಮುಗಿಸಿ ಕೂತಿದ್ದು ಬೀದರಿನಲ್ಲಿ, ಚೌಬಾರಾದ ಹಿಂದಿನ ಓಣಿಯಲ್ಲಿ. ಮನೆಯಲ್ಲಿ ಜೋಳದ ಚೀಲ ಇಡುವ ಕೋಣೆ ಯಾವತ್ತೋ ರಿಕಾರ್ಡಿನ ಪಾಲಾಗಿದೆ. ಜೋಳ ಈಗ ಮಂಚದ ಕೆಳಗೆ. ಈ ವಿಷಯದಲ್ಲಿ ಅವರ ಹೆಂಡತಿ ಕಾಕು ನನ್ನೆದುರು ಏನೂ ಹೇಳಿಲ್ಲ, ಆದರೆ ಕಸ ಗುಡಿಸುವಾಗ ಆ ಕೋಣೆಯ ಬಾಗಿಲಿಗೆ ಕಸಬರಿಗೆ ಬಡಿಯುವ ಸಪ್ಪಳ ಕೇಳಿದ್ದೇನೆ.

ಹೊಸಬರು ಬಂದರೆ ಕಾಕಾನ ಹತ್ತಿರ ಮಲ್ಲಿಕಾರ್ಜುನ ಮನ್ಸೂರರ 78ರ ಪ್ಲೇಟು ಇರಬಹುದು, ಗಂಗೂಬಾಯಿ ಹಾನಗಲ್ಲರು 'ಗಾಂಧಾರಿ' ಎಂಬ ಹೆಸರಿನಲ್ಲಿ ಹಾಡಿದ್ದು ಇರಬಹುದು ಎಂದು ಆಸೆಯಿಂದ ಕೇಳುತ್ತಾರೆ. ಕಾಕಾ ಕೈ ಝಾಡಿಸಿಬಿಡುತ್ತಾರೆ. "ಅವ್ರನ್ನ ಉಳಸ್ಲಿಕ್ಕಿ ಭಾಳ ಮಂದಿ ಅದಾರ್ರಿ. ಇವಕ್ಕ ಯಾರದಾರ?" ಎಂದು ತೆಗೆದು ತೋರಿಸುವುದು ಏಳು ಇಂಚಿನ, 45ರ ವೇಗದ ಚಿಕ್ಕ ಪ್ಲೇಟುಗಳನ್ನು. ವ್ಯಾನ್ ಶಿಪ್ಲೆ ಎಲೆಕ್ಟ್ರಿಕ್ ಗಿಟಾರಿನಲ್ಲಿ ನುಡಿಸಿದ ಸಿನಿಮಾ ಹಾಡು, ಇನಾಕ್ ಡೇನಿಯಲ್ಸರ ಅಕಾರ್ಡಿಯನ್, ಸಿಂಥಸೈಜರ್ ಹೊಸದಾಗಿ ಬಂದಾಗ ಅದರ ಮೇಲೆ ಕೈ ಹರಿಬಿಟ್ಟವರ ಡಿಸ್ಕೊ, ನಗುವುದನ್ನೇ ಹಾಡು ಮಾಡಿದ್ದು, ನಾಯಿ ಬೊಗಳುವುದನ್ನು ತಾಳಕ್ಕೆ ಕೂಡಿಸಿದ್ದು. 1978ರ 'ಆಪರೇಷನ್ ಡೈಮಂಡ್ ರಾಕೆಟ್' ಚಿತ್ರಕ್ಕೆ ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ರಾಜಕುಮಾರ್ ಇಂಗ್ಲಿಷಿನಲ್ಲಿ ಹಾಡಿದ್ದಾರಲ್ಲ, ಅದು ಕಾಕಾನ ದೇವರ ಕೋಣೆಯ ದರ್ಜೆಯದು. ಮಂದಿ ನಕ್ಕು ಮರೆತದ್ದೆಲ್ಲ ಇವರ ಮನೆಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಭದ್ರವಾಗಿದೆ.

ಕೂಡಿಡುವುದಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಕಾಕಾ ರಿಕಾರ್ಡುಗಳನ್ನು 'ಸಾಫ್' ಮಾಡುತ್ತಾರೆ. ಮೊದಲು ನೀರಿನಲ್ಲಿ, ಅದೂ ಬ್ಯಾಟರಿ ಅಂಗಡಿಯಿಂದ ತಂದ ಡಿಸ್ಟಿಲ್ಡ್ ನೀರು. ವಿನೈಲಿಗೆ ಒಂದು ಪದ್ಧತಿ, ಹಳೆಯ 78ಕ್ಕೆ ಇನ್ನೊಂದು. 78ರದು ಅರಗಿನ ಮೈ, ಸ್ಪಿರಿಟ್ ತಾಗಿದರೆ ಕರಗುತ್ತದೆ. ಆಮೇಲೆ ಪ್ಲೇಟು ತಿರುಗಿಸಿ ಹಾಡನ್ನು ಕಂಪ್ಯೂಟರಿಗೆ ಇಳಿಸಿ, ಪರದೆಯ ಮೇಲೆ ಹಿಗ್ಗಿಸಿ, ಟಿಕ್ಕು ಹುಡುಕುವುದು. ಒಂದು ಸೆಕೆಂಡಿನ ಸಪ್ಪಳ ಅಲ್ಲಿ 44,100 ಚುಕ್ಕೆಗಳಾಗಿ ಬಿದ್ದಿರುತ್ತದೆ. ಗೀರಿದ್ದಲ್ಲಿ ಕೆಲವು ಚುಕ್ಕೆ ತಲೆ ಎತ್ತಿರುತ್ತವೆ. ಅವನ್ನು ಮೌಸಿನಿಂದ ಹಿಡಿದು ಕೆಳಗೆ ಕೂಡಿಸಬೇಕು. ಸಾಫ್ಟ್‌ವೇರೇ ತಾನಾಗಿ ಮಾಡುತ್ತದಲ್ಲ ಎಂದು ಒಮ್ಮೆ ಅಂದೆ. ಅವರು ನನ್ನತ್ತ ನೋಡಿದ ರೀತಿ ಇನ್ನೂ ಕಣ್ಣ ಮುಂದಿದೆ. "ಮಷೀನಿಗಿ ತಬಲಾದ ಪೆಟ್ಟೂ ಟಿಕ್ಕೇ ಕಾಣಸ್ತದ ಮಾಸ್ತರ್. ಅದು ತಬಲಾನೂ ಕೆರೆದು ಹಾಕ್ತದ."

ಇದು ಸರಿಯಾದ ಮಾತೇ. ನನ್ನ ಕಷ್ಟ ಶುರುವಾಗುವುದು ಇಲ್ಲಿಂದ ಮುಂದೆ. ಸಾಫ್ ಆದ ಹಾಡನ್ನು ಯಾರಾದರೂ ಕೇಳಿ ಒಪ್ಪಬೇಕು, ಮತ್ತು ನಾನು ಎದುರುಮನೆಯವನು. ಮೊದಲು ಹಳೆಯದು. "ಕೇಳಸ್ಲತ್ತದಿಲ್ರಿ, ಟಿಕ್... ಟಿಕ್... ಟಿಕ್?" ಗೀರು ಅಡ್ಡ ಇದ್ದರೆ ಸುತ್ತಿಗೊಂದು ಟಿಕ್ಕು. 45ರ ಪ್ಲೇಟಿನಲ್ಲಿ 1.33 ಸೆಕೆಂಡಿಗೊಮ್ಮೆ, 33ರದರಲ್ಲಿ 1.8 ಸೆಕೆಂಡಿಗೊಮ್ಮೆ. ಕಾಕಾ ಕಣ್ಣು ಮುಚ್ಚಿ ಮೊಣಕಾಲ ಮೇಲೆ ಬೆರಳು ಬಡಿದು ಯಾವ ವೇಗದ ಪ್ಲೇಟು ಎಂದು ಹೇಳಬಲ್ಲರು. ಅನಂತರ ಹೊಸದು. "ಈಗ?" ನಾನು ತಲೆ ಆಡಿಸುತ್ತೇನೆ. "ಹಾಂಗಲ್ರಿ, ಖರೆ ಹೇಳ್ರಿ." ಮತ್ತೆ ಹಳೆಯದು, ಮತ್ತೆ ಹೊಸದು. ಹಾಡಿನ ಮೊದಲ ಹನ್ನೊಂದು ಸೆಕೆಂಡು ನನಗೆ ಬಾಯಿಪಾಠವಾಗಿದೆ. ಹನ್ನೆರಡನೆಯದು ಹೇಗಿದೆಯೋ ಇಂದಿಗೂ ಕೇಳಿಲ್ಲ.

ಇದಕ್ಕಿಂತ ಕಠಿಣವಾದದ್ದು ಮೂರನೆಯ ಸುತ್ತು. ಹಾಡಿನಿಂದ ತೆಗೆದುಹಾಕಿದ ಗದ್ದಲವನ್ನಷ್ಟೇ ಬೇರೆಯಾಗಿ ಕೇಳುವ ಏರ್ಪಾಟು ಆ ಸಾಫ್ಟ್‌ವೇರಿನಲ್ಲಿದೆ. ಕಾಕಾ ಅದನ್ನು ಹಚ್ಚಿ ಕೂಡುತ್ತಾರೆ. ಸುಸ್ಸ್, ಪಟ್, ಸುಸ್ಸ್, ಬಾಣಲೆಯಲ್ಲಿ ಒಗ್ಗರಣೆ ಹಾಕಿದ ಹಾಗೆ, ಮೂರೂಕಾಲು ನಿಮಿಷ. "ಕಸದಾಗ ಹಾಡ ಹೋಗ್ಯದೇನು ನೋಡ್ಲತ್ತಿನಿ," ಎನ್ನುತ್ತಾರೆ. ಹಾಡನ್ನು ಪೂರ್ತಿ ಕೇಳಿಸದ ಈ ಮನುಷ್ಯ ಕಸವನ್ನು ಮಾತ್ರ ಕೊನೆಯವರೆಗೂ ಕೇಳಿಸುತ್ತಾರೆ. ಒಂದು ಸಲ ಆ ಗದ್ದಲದ ನಡುವೆ ಎಲ್ಲೋ ದೂರದಲ್ಲಿ ಒಬ್ಬಳ ಉಸಿರು ಕೇಳಿದಂತಾಯಿತು. ಕಾಕಾ ಎದ್ದು ನಿಂತರು. ವಾರದ ಕೆಲಸ ಅಳಿಸಿ ಮತ್ತೆ ಮೊದಲಿನಿಂದ ಶುರು ಮಾಡಿದರು. ಅಂದು ಮಾತ್ರ ನನಗೆ ಸಿಟ್ಟು ಬರಲಿಲ್ಲ.

ಉಳಿದ ಗುಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಗುರುವಾರ ಬಂತೆಂದರೆ ಹೈದರಾಬಾದಿನ ಜುಮ್ಮೆರಾತ್ ಬಜಾರಿಗೆ ಹೋಗಬೇಕು. ಕೊಂಡ ಬೆಲೆಯನ್ನು ಕಾಕುಗೆ ಅರ್ಧ ಹೇಳಬೇಕು, ನನಗೆ ದುಪ್ಪಟ್ಟು. ಸೊಟ್ಟಾದ ಪ್ಲೇಟನ್ನು ಎರಡು ಗಾಜಿನ ನಡುವೆ ಇಟ್ಟು ಮಾಳಿಗೆಯ ಮೇಲೆ, ಹಪ್ಪಳದ ಪಕ್ಕ ಬಿಸಿಲಿಗೆ ಹಾಕಬೇಕು. ಹಾಗೆ ಹಾಕಿ ಮರೆತ ಒಂದು ಪ್ಲೇಟು ಈಗ ಅವರ ಮನೆಯಲ್ಲಿ ತುಳಸಿಕಟ್ಟೆಯ ಹತ್ತಿರ ಗುಬ್ಬಿಗೆ ನೀರಿಡುವ ಬಟ್ಟಲಾಗಿದೆ.

ಔರಾದಿನ ಪ್ರಸಂಗ ಹೇಳದಿದ್ದರೆ ತಪ್ಪಾದೀತು. ಮುಂಬೈ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲೆಂಡ್ ಕಂಪನಿಯ ಮೂರು ಯಂತ್ರ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿ ಎಚ್‌ಎಂವಿಯಿಂದ ಒಂದು ಎಲ್‌ಪಿ ತಂದರು. ಯಾರೂ ಕೊಳ್ಳಲಿಲ್ಲ. ಕೆಲವು ವರ್ಷಗಳ ಮೇಲೆ ಅಮೆರಿಕದ ಶಿಕಾಗೊದಲ್ಲಿ ಆ ಮೂರರಲ್ಲಿ ಒಂದು ಯಂತ್ರದಿಂದ ಅಂಥದೇ ಸಂಗೀತ ಎದ್ದು ಲೋಕವೆಲ್ಲ ಕುಣಿಯಿತು. 2010ರಲ್ಲಿ ಡಚ್ ಸಂಗ್ರಾಹಕನೊಬ್ಬ ಈ ರಿಕಾರ್ಡನ್ನು ಮತ್ತೆ ಅಚ್ಚು ಹಾಕಿಸಿದ ಮೇಲೆ, ಮುಪ್ಪಿನ ಸಿಂಗ್ ಯುರೋಪಿನ ವೇದಿಕೆ ಹತ್ತಿದರು, 2015ರಲ್ಲಿ ತೀರಿಕೊಂಡರು. ಆ ಮೂಲ ಎಚ್‌ಎಂವಿ ಪ್ರತಿ ಔರಾದಿನಲ್ಲಿ ಒಬ್ಬರ ಅಟ್ಟದ ಮೇಲಿದೆ ಎಂದು ಕಾಕಾನಿಗೆ ಸುದ್ದಿ ಬಂತು. ನನ್ನನ್ನೂ ಬಸ್ಸಿಗೆ ಹತ್ತಿಸಿದರು. ದಾರಿಯುದ್ದಕ್ಕೂ ಕಾಕಾ ಮಾತಾಡಲಿಲ್ಲ. ಕವರು ಖರೇನೇ ಅದೇ ಇತ್ತು. ಕೈ ನಡುಗುತ್ತ ಒಳಗಿನದನ್ನು ಎಳೆದರೆ ಮರಾಠಿ ಅಭಂಗ. ಮನೆಯವರು ಅಮರೇಶ್ವರ ಜಾತ್ರೆಯ ಪೇಡಾ ಕೊಟ್ಟು ಸಮಾಧಾನ ಮಾಡಿದರು. ಕಾಕಾ ಕವರನ್ನೂ ಕೊಂಡರು, ಅಭಂಗವನ್ನೂ ಕೊಂಡರು. ಅಭಂಗದ ಟಿಕ್ಕು ತೆಗೆಯಲು ಒಂದು ತಿಂಗಳು ಹಿಡಿಯಿತು.

ಈ ಹುಚ್ಚು ಎಲ್ಲಿಂದ ಹತ್ತಿತು ಎಂದು ಆ ಬಸ್ಸಿನಲ್ಲಿ ವಾಪಸು ಬರುವಾಗ ಹೇಳಿದರು. ಭಾಲ್ಕಿಯಲ್ಲಿ ಮದುವೆಗಳಿಗೆ ಮೈಕ್‌ಸೆಟ್ಟಿನವರು ಬರುತ್ತಿದ್ದರು, ಬೇವಿನ ಮರಕ್ಕೆ ಭೋಂಗಾ ಕಟ್ಟುತ್ತಿದ್ದರು. ಮಂದಿಯೆಲ್ಲ ಊಟದ ಪಂಕ್ತಿಗೆ ಓಡಿದರೆ ಈ ಹುಡುಗ ಮೈಕ್‌ಸೆಟ್ಟಿನ ಬದಿಗೆ ಕೂಡುತ್ತಿದ್ದ. ಇಡೀ ದಿನ ಪ್ಲೇಟಿನ ಒಂದೇ ಮಗ್ಗುಲು ಹಾಡುತ್ತಿತ್ತು. ಹಿಂದಿನ ಮಗ್ಗುಲು ಹಚ್ಚರಿ ಎಂದರೆ, ಅದು ಯಾರೂ ಕೇಳುವುದಿಲ್ಲ ತಮ್ಮಾ, ಎಂಬ ಉತ್ತರ. ಕ್ಯಾಸೆಟ್ಟು ಬಂದ ಮೇಲೆ ಆ ಮೈಕ್‌ಸೆಟ್ಟಿನವರು ಪ್ಲೇಟುಗಳನ್ನು ಗುಜರಿಗೆ ಹಾಕುವಾಗ ಕಾಕಾ ಮೊದಲ ಪೆಟ್ಟಿಗೆ ಕೊಂಡರು. ನಾನು ಆಮೇಲೆ ಅವನ್ನು ಬೆಳಕಿಗೆ ಹಿಡಿದು ನೋಡಿದೆ. ಒಂದು ಮಗ್ಗುಲು ಸವೆದು ಬೂದಿಬಣ್ಣ. ಇನ್ನೊಂದು ಬಿದ್ರಿ ಹೂಜಿಯಷ್ಟು ಕಪ್ಪು, ಹೊಳಪು.

ಹಿಂದಿನ ಮಗ್ಗುಲಿನ ಮೇಲೆ ಕಾಕಾನಿಗೆ ನಂಬಿಕೆ ಬರಲು ದೊಡ್ಡ ಕಾರಣವೂ ಇದೆ. ಬೆಂಗಳೂರಲ್ಲಿ ಹುಟ್ಟಿ ಲಂಡನ್ನಿಗೆ ಹೋದ 'ಬಿದ್ದು' ಎಂಬ ಸಂಗೀತಗಾರ 1974ರಲ್ಲಿ ಕಾರ್ಲ್ ಡಗ್ಲಸ್‌ನಿಂದ 'ಕುಂಗ್ ಫೂ ಫೈಟಿಂಗ್' ಹಾಡಿಸಿದ್ದು ಬೇರೊಂದು ಹಾಡಿನ ಹಿಂಬದಿ ತುಂಬಲಿಕ್ಕೆ. ಅದು ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೇರಿತು. "ಹಿಂದ ಏನದ ಅಂತ ಒಬ್ಬಂವಾದ್ರೂ ನೋಡ್ಬೇಕಲ್ರಿ," ಎಂದು ಕಾಕಾ ಕಿಟಕಿಯಿಂದ ಆಚೆ ನೋಡುತ್ತ ಹೇಳಿದರು. ಸಂತಪುರ ದಾಟುವವರೆಗೆ ನಾನು ಸುಮ್ಮನಿದ್ದೆ. ಅವರ ಮಕ್ಕಳಿಬ್ಬರೂ ಪುಣೆಯಲ್ಲಿದ್ದಾರೆ. ಹಾರ್ಡ್ ಡಿಸ್ಕು ತುಂಬಿದೆ ಎಂದು ಫೋನು ಮಾಡಿದರೆ ಇನ್ನೊಂದು ಕಳಿಸುತ್ತಾರೆ, ಒಳಗೇನಿದೆ ಎಂದು ಕೇಳುವುದಿಲ್ಲ.

ಅನುಕಂಪ ಹೆಚ್ಚು ದಿನ ಬಾಳಲಿಲ್ಲ. ಹೋದ ಮೇ ತಿಂಗಳು ಮತ್ತೆ ಕರೆ ಬಂತು. ಹಳೆಯದು, ಹೊಸದು, ಈಗ? ಆ ದಿನ ನಾನು ನಿಜ ಹೇಳಿದೆ: ಹೊಸದರಲ್ಲೇ ಟಿಕ್ಕು ಕೇಳಿಸುತ್ತಿದೆ. ಕಾಕಾ ಬಿಳಚಿಕೊಂಡರು. ಎರಡು ರಾತ್ರಿ ನಿದ್ದೆ ಇಲ್ಲ. ಚುಕ್ಕೆ ಚುಕ್ಕೆ ಎಣಿಸಿದರೂ ಟಿಕ್ಕು ಸಿಗಲಿಲ್ಲ. ಮೂರನೆಯ ದಿನ ಮುಂಜಾನೆ ಹಲ್ಲುಜ್ಜುತ್ತಲೇ ನಮ್ಮ ಬಾಗಿಲಿಗೆ ಬಂದರು. "ಫ್ಯಾನ್ ಅದ ಮಾಸ್ತರ್! ನಮ್ಮ ಛತ್ತಿನ ಫ್ಯಾನ್!"

ಈಗ ಕೇಳುವಾಗ ಫ್ಯಾನು ಬಂದ್, ಕಿಟಕಿಯೂ ಬಂದ್. ಬೆವರು ನೋಡಲಾರದೆ ಕಾಕು ನನ್ನ ಕೈಗೆ ಒಂದು ಬೀಸಣಿಗೆ ಕೊಟ್ಟರು. ಅದೂ ಸಪ್ಪಳ ಮಾಡುತ್ತದೆಂದು ಕಾಕಾ ಕಸಿದುಕೊಂಡರು.