ಹದಿನೆಂಟಕ್ಕೆ ಟ್ರಂಕು

ಸಾಕುಮಗನನ್ನು ಊರಿಗೆ ಊರೇ ಮುದ್ದಾಡಿದ್ದು ಗೋಕುಲದಲ್ಲಿ. ದೇವಕಿ ಹೆತ್ತಳು, ಯಶೋದೆ ಸಾಕಿದಳು. ಬೆಣ್ಣೆ ಕದ್ದು ಸಿಕ್ಕಿಬಿದ್ದಾಗಲೂ ಯಾರೂ ಹುಡುಗನ ಮೂಲ ಕೆದಕಲಿಲ್ಲ. ಮೈಸೂರಿನ ಗೋಕುಲಂ ಹಾಗಲ್ಲ. ಬಾಡಿಗೆಗೆ ಕೋಣೆ ಕೇಳಿ ಬಂದವನಿಗೆ ಮೊದಲ ಪ್ರಶ್ನೆ: "ಅಪ್ಪ ಏನ್ ಮಾಡ್ಕೊಂಡಿದಾರೆ?" ಆಮೇಲೆ ಊರು. ಆಮೇಲೆ, ಕೇಳದ ಹಾಗೆ ಕೇಳುವ ಜಾತಿ. ಬಾಲಮಂದಿರದಲ್ಲಿ ಬೆಳೆದವನಿಗೆ ಮೂರೂ ಸಿಲಬಸ್ಸಿನಾಚೆಯ ಪ್ರಶ್ನೆಗಳು.

ಯೋಗದ ಚಾಪೆ ಹೆಗಲಿಗೇರಿಸಿ ಬಂದ ವಿದೇಶಿಯನ ಅಪ್ಪ ಯಾರಾದರೇನು? ಯೋಗಗುರು ಪಟ್ಟಾಭಿ ಜೋಯಿಸರು 2002ರಲ್ಲಿ ಲಕ್ಷ್ಮೀಪುರಂನಿಂದ ಯೋಗಶಾಲೆಯನ್ನು ಇಲ್ಲಿಗೆ ತಂದ ಮೇಲೆ ಗೋಕುಲಂ ಅಷ್ಟರಮಟ್ಟಿಗೆ ವಿಶಾಲವಾಗಿದೆ. ಡಾಲರಿಗೆ ಗೋತ್ರವಿಲ್ಲ.

ದತ್ತು ಎಂದರೆ ಮೂಗು ಮುರಿಯುವ ಊರೂ ಇದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಮಾಡಿಕೊಂಡ ದತ್ತಿಗೆ ಬ್ರಿಟಿಷರೂ ಕೊಂಕು ತೆಗೆದು, ಕೊನೆಗೆ ಒಪ್ಪಿದರು. 2015ರ ಫೆಬ್ರವರಿಯಲ್ಲಿ ಪ್ರಮೋದಾದೇವಿ ಒಡೆಯರ್ ಅವರು ದತ್ತು ಪಡೆದಾಗ ಯದುವೀರರಿಗೆ 22 ವರ್ಷ. 15 ತುಂಬಿದವರನ್ನು ದತ್ತು ಪಡೆಯುವಂತಿಲ್ಲ ಎನ್ನುತ್ತದೆ 1956ರ ಹಿಂದೂ ದತ್ತಕ ಕಾಯ್ದೆ. ರೂಢಿಯಿದ್ದರೆ ಅಡ್ಡಿಯಿಲ್ಲ ಎಂದೂ ಸೇರಿಸುತ್ತದೆ. ಅರಮನೆಗೆ ರೂಢಿಯಿತ್ತು. ಬಾಲಮಂದಿರದ ರೂಢಿಯೇ ಬೇರೆ: 18ರ ಹುಟ್ಟುಹಬ್ಬಕ್ಕೆ ಟ್ರಂಕು ಕಟ್ಟುವುದು.

ಸಂಸತ್ತು ಬಾಲನ್ಯಾಯ ಕಾಯ್ದೆಗೆ ಒಪ್ಪಿಗೆ ಕೊಟ್ಟದ್ದೂ ಅದೇ 2015ರ ಡಿಸೆಂಬರಿನಲ್ಲಿ. ಅದರ ಲೆಕ್ಕದಲ್ಲಿ 18 ತುಂಬಿತೋ, ಮಗು ರಾತ್ರೋರಾತ್ರಿ ಗಂಡಸು. ನಮ್ಮನಿಮ್ಮ ಮನೆಗಳಲ್ಲಿ 28ರ ಇಂಜಿನಿಯರಿಗೂ ಅಮ್ಮನೇ ಡಬ್ಬಿ ಕಟ್ಟಬೇಕು, ಅಪ್ಪನೇ ಬೈಕಿನ ಕಂತು ತುಂಬಬೇಕು. ಪಾಪ, ಇನ್ನೂ ಹುಡುಗಾಟ!

ಹಾಗಂತ ಸರ್ಕಾರ ಕೈಬಿಟ್ಟಿಲ್ಲ. 21ರವರೆಗೆ ಅನುಪಾಲನೆ ಇದೆ. ಹೊರಡುವವನಿಗೆ ಹಣ ಕೊಡಬಹುದು ಎನ್ನುತ್ತದೆ ಕಾಯ್ದೆ. ಕೊಡಲೇಬೇಕು ಎನ್ನುವಷ್ಟು ನಿಷ್ಠುರ ಅದಕ್ಕಿಲ್ಲ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ ಲೆಕ್ಕದಲ್ಲಿ ಆ ವಾತ್ಸಲ್ಯದ ಬೆಲೆ ತಿಂಗಳಿಗೆ 4,000 ರೂಪಾಯಿ. ಅದರಲ್ಲೇ ಬಾಡಿಗೆ, ಊಟ, ಬಸ್ಸು, ಕಾಲೇಜು, ಜ್ವರ. ಮನೆ ಅಡ್ವಾನ್ಸ್ ಯಾವ ಯೋಜನೆಯಡಿ ಬರುತ್ತದೋ, ಯೋಜನೆ ಬರೆದವರನ್ನೇ ಕೇಳಬೇಕು.

ಇತ್ತ ದತ್ತು ಬಯಸುವವರು ಕೇಂದ್ರದ ದತ್ತು ಪ್ರಾಧಿಕಾರವಾದ ಕಾರಾದ ಪೋರ್ಟಲಿನಲ್ಲಿ ವರ್ಷಗಟ್ಟಲೆ ಸರದಿ ಕಾಯುತ್ತಾರೆ. ಬೇಕಾದ್ದು ತೊಟ್ಟಿಲ ಕೂಸು. ಮೀಸೆ ಚಿಗುರುತ್ತಿರುವವನ ಫೋಟೊ ಕಂಡರೆ ಬೆರಳು ತಾನಾಗಿ ಮುಂದಕ್ಕೆ ಸರಿಯುತ್ತದೆ.

ಗೋಕುಲಂನ ಮಾಲೀಕರಲ್ಲಿ ಒಂದು ಕೋರಿಕೆ. ಮಹಡಿ ಮೇಲಿನ ಕೋಣೆ ಕೇಳಿಕೊಂಡು ಅಂಥ ಹುಡುಗನೊಬ್ಬ ಬಂದರೆ, ಏನು ಕೆಲಸ, ಬಾಡಿಗೆ ಯಾವ ತಾರೀಕಿಗೆ ಕೊಡ್ತೀಯ ಎಂದಷ್ಟೇ ಕೇಳಿ. ಕರಾರುಪತ್ರದಲ್ಲಿ ಅಪ್ಪನ ಹೆಸರಿನ ಜಾಗ ಖಾಲಿ ಉಳಿದರೆ ತಾರಸಿ ಸೋರುವುದಿಲ್ಲ.